ತುರ್ಕಾನಾದ ದಡದ ಸಿಬಿಲೋಯಿ: ಮರುಭೂಮಿಯ ಸರೋವರಕ್ಕೆ ಹೋಗಿಬರುವವರಿಗೆ ಸಮಗ್ರ ಮಾರ್ಗದರ್ಶಿ

ಕೀನ್ಯಾಕ್ಕೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಮಸಾಯಿ ಮಾರಾ, ಅಂಬೊಸೆಲಿ, ನಕುರು ನೋಡಿಕೊಂಡು ಒಂದು ವಾರದಲ್ಲಿ ಮರಳುತ್ತಾರೆ. ಅದೇ ದೇಶದ ಉತ್ತರದ ತುದಿಯಲ್ಲಿ, ಇಥಿಯೋಪಿಯಾದ ಗಡಿಯವರೆಗೂ ಚಾಚಿಕೊಂಡಿರುವ ತುರ್ಕಾನಾ ಸರೋವರವಿದೆ. ಮರುಭೂಮಿಯ ನಡುವೆ ವರ್ಷವಿಡೀ ನೀರು ನಿಲ್ಲುವ ಸರೋವರಗಳಲ್ಲಿ ಜಗತ್ತಿನಲ್ಲಿಯೇ ದೊಡ್ಡದಾದ ಇದರ ಉದ್ದ ಸುಮಾರು 290 ಕಿ.ಮೀ., ವಿಸ್ತಾರ ಸುಮಾರು 6,400 ಚದರ ಕಿ.ಮೀ. ಇದರ ಪೂರ್ವ ದಡದಲ್ಲಿ 1973ರಲ್ಲಿ ಸ್ಥಾಪನೆಯಾದ ಸಿಬಿಲೋಯಿ ರಾಷ್ಟ್ರೀಯ ಉದ್ಯಾನ 1,570 ಚದರ ಕಿ.ಮೀ. ಹರಡಿಕೊಂಡಿದೆ. ಮನುಷ್ಯಕುಲದ ಹಳೆಯ ಕಥೆಯ ಎಷ್ಟೋ ಪುಟಗಳು ಸಿಕ್ಕಿದ್ದು ಇಲ್ಲಿಯ ಕೂಬಿ ಫೋರಾ ಎಂಬಲ್ಲಿ.

ಅಲ್ಲಿಗೆ ಹೋಗುವುದು ಸುಲಭವಲ್ಲ. ಆದರೆ ಸಿದ್ಧತೆ ಮಾಡಿಕೊಂಡವರಿಗೆ ಅಸಾಧ್ಯವೂ ಅಲ್ಲ. ವಾಹನ, ನೀರು, ಇಂಧನ, ದಾಖಲೆಗಳ ಸಿದ್ಧತೆಯಷ್ಟೇ ಮುಖ್ಯವಾಗಿ ಮನಸ್ಸಿನ ಸಿದ್ಧತೆಯೂ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏನನ್ನೂ ಓದಿಕೊಳ್ಳದೆ ಹೋದವರ ಕಣ್ಣಿಗೆ ಕೂಬಿ ಫೋರಾ ಬಿಸಿಲಿಗೆ ಬೆಂದ ಬೋಳು ದಿಬ್ಬಗಳ ಸಾಲಾಗಿ ಮಾತ್ರ ಕಾಣುತ್ತದೆ. ಓದಿಕೊಂಡು ಹೋದವರಿಗೆ ಅದೇ ದಿಬ್ಬದ ಒಂದೊಂದು ಪದರವೂ ಒಂದೊಂದು ಕಾಲವಾಗಿ ತೆರೆದುಕೊಳ್ಳುತ್ತದೆ.

ಹೊರಡುವ ಮೊದಲು ತಿಳಿದಿರಬೇಕಾದ ನೆಲದ ಕಥೆ

ಸರೋವರಕ್ಕೆ ಬರುವ ನೀರಿನಲ್ಲಿ ಬಹುಪಾಲನ್ನು ತರುವುದು ಇಥಿಯೋಪಿಯಾದ ಎತ್ತರದ ಸೀಮೆಯಲ್ಲಿ ಹುಟ್ಟುವ ಓಮೊ ನದಿ. ತುರ್ಕ್ವೆಲ್ ಮತ್ತು ಕೆರಿಯೊ ನದಿಗಳ ಪಾಲು ಚಿಕ್ಕದು. ಬಂದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಆವಿಯಾಗುವುದೊಂದೇ ಅದಕ್ಕಿರುವ ಗತಿ. ಆದ್ದರಿಂದ ಲವಣಗಳು ಉಳಿದು ನೀರು ಕ್ಷಾರೀಯವಾಗಿದೆ, ಪಾಚಿಯಿಂದಾಗಿ ಹಸಿರು ಬಣ್ಣಕ್ಕೆ ತಿರುಗಿದೆ. ಪಚ್ಚೆಯ ಕಡಲು ಎಂಬ ಹೆಸರು ಬಂದಿರುವುದು ಈ ಬಣ್ಣದಿಂದ. 1888ರಲ್ಲಿ ಇಲ್ಲಿಗೆ ಬಂದ ಯುರೋಪಿನ ಯಾತ್ರಿಕ ಸ್ಯಾಮ್ಯುಯೆಲ್ ಟೆಲೆಕಿ ಆಸ್ಟ್ರಿಯಾದ ಯುವರಾಜನ ಹೆಸರಿನಿಂದ ಇದನ್ನು ರುಡಾಲ್ಫ್ ಸರೋವರ ಎಂದು ಕರೆದರು. 1975ರಲ್ಲಿ ಕೀನ್ಯಾ ಇದಕ್ಕೆ ದಡದ ಜನರ ಹೆಸರನ್ನೇ ಕೊಟ್ಟಿತು. ಪಳೆಯುಳಿಕೆಗಳ ಪಟ್ಟಿಯಲ್ಲಿ ಮಾತ್ರ ಹಳೆಯ ಹೆಸರು ಉಳಿದುಕೊಂಡಿದೆ: ಇಲ್ಲಿಯ ಮಾದರಿಗಳ ಸಂಖ್ಯೆಗಳ ಮುಂದೆ ಬರುವ 'ಕೆಎನ್ಎಂ-ಇಆರ್' ಎಂಬ ಅಕ್ಷರಗಳಿಗೆ ಕೀನ್ಯಾ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಪೂರ್ವ ರುಡಾಲ್ಫ್ ಎಂದು ಅರ್ಥ.

1967ರಲ್ಲಿ ಓಮೊ ಕಣಿವೆಯ ಸಂಶೋಧನೆಯಲ್ಲಿ ತೊಡಗಿದ್ದ ರಿಚರ್ಡ್ ಲೀಕಿ ಅವರು ವಿಮಾನದಲ್ಲಿ ಹೋಗುವಾಗ ಬಿರುಗಾಳಿ ಮಳೆಯನ್ನು ತಪ್ಪಿಸಿಕೊಳ್ಳಲು ಸರೋವರದ ಪೂರ್ವ ದಡದ ಮೇಲೆ ಹಾದುಹೋಗಬೇಕಾಯಿತು. ನಕಾಶೆಯಲ್ಲಿ ಜ್ವಾಲಾಮುಖಿ ಶಿಲೆ ಎಂದು ಗುರುತಿಸಿದ್ದ ಕಡೆ ಅವರಿಗೆ ನೀರಿನ ಕೆಳಗೆ ಸಂಚಯಗೊಂಡ ಮಣ್ಣಿನ ಪದರಗಳು ಕಂಡವು. ಅಂಥ ಪದರಗಳಲ್ಲಿಯೇ ಮೂಳೆಗಳು ಉಳಿಯುತ್ತವೆ. 1968ರಲ್ಲಿ ಅವರು ಅಲ್ಲಿಗೆ ತಂಡ ಕಟ್ಟಿಕೊಂಡು ಬಂದರು. 1972ರಲ್ಲಿ ಆ ತಂಡದ ಬರ್ನಾರ್ಡ್ ಙೆನಿಯೊ ಅವರ ಕಣ್ಣಿಗೆ ಬಿದ್ದ ತುಣುಕುಗಳು ನೂರೈವತ್ತಕ್ಕೂ ಹೆಚ್ಚು. ಅವನ್ನು ಜೋಡಿಸಿದಾಗ ಸುಮಾರು 19 ಲಕ್ಷ ವರ್ಷ ಹಳೆಯ ಒಂದು ತಲೆಬುರುಡೆ ಮೂಡಿತು. ಅದೇ 1470 ಎಂಬ ಸಂಖ್ಯೆಯಿಂದ ಲೋಕಪ್ರಸಿದ್ಧವಾದ, ಇಂದು ಹೋಮೊ ರುಡಾಲ್ಫೆನ್ಸಿಸ್ ಎಂಬ ಅಳಿದುಹೋದ ಮಾನವ ಪ್ರಭೇದದ್ದೆಂದು ಕರೆಯಲಾಗುವ ಬುರುಡೆ.

ಈ ಬುರುಡೆಯ ವಯಸ್ಸಿನ ಬಗ್ಗೆ ನಡೆದ ವಾದವನ್ನು ತಿಳಿದುಕೊಂಡು ಹೋದರೆ ಅಲ್ಲಿಯ ನೆಲವನ್ನು ನೋಡುವ ಬಗೆಯೇ ಬದಲಾಗುತ್ತದೆ. ಇಥಿಯೋಪಿಯಾದ ಕಡೆಯ ಜ್ವಾಲಾಮುಖಿಗಳು ಸಿಡಿದಾಗಲೆಲ್ಲ ಅವುಗಳ ಬೂದಿ ಗಾಳಿಯಲ್ಲಿಯೂ ನದಿಯಲ್ಲಿಯೂ ಸಾಗಿ ಬಂದು ಇಲ್ಲಿ ತೆಳುವಾದ ಪದರವಾಗಿ ಕೂತಿತು. ಬೂದಿಯ ಹರಳುಗಳಲ್ಲಿರುವ ಪೊಟ್ಯಾಸಿಯಂ ಕಾಲಕ್ರಮದಲ್ಲಿ ಆರ್ಗಾನ್ ಆಗಿ ಮಾರ್ಪಡುವ ವೇಗ ಗೊತ್ತಿರುವುದರಿಂದ ಆ ಪದರದ ವಯಸ್ಸನ್ನು ಲೆಕ್ಕ ಹಾಕಬಹುದು. ಪದರದ ಕೆಳಗಿನ ಮೂಳೆ ಅದಕ್ಕಿಂತ ಹಳೆಯದು, ಮೇಲಿನದು ಹೊಸದು. 1470 ಸಿಕ್ಕಿದ ಮಣ್ಣಿನ ಮೇಲಿದ್ದ ಕೆಬಿಎಸ್ ಎಂಬ ಬೂದಿ ಪದರ 26 ಲಕ್ಷ ವರ್ಷ ಹಳೆಯದೆಂದು ಮೊದಲು ಅಳೆಯಲಾಗಿತ್ತು. ಆದರೆ ಅಲ್ಲಿ ಸಿಕ್ಕಿದ ಹಂದಿಗಳ ಹಲ್ಲುಗಳು ಓಮೊ ಕಣಿವೆಯಲ್ಲಿ ಅದಕ್ಕಿಂತ ತೀರ ಹೊಸ ಪದರಗಳಲ್ಲಿ ಸಿಕ್ಕಿದ ಹಂದಿಗಳ ಹಲ್ಲುಗಳನ್ನು ಹೋಲುತ್ತಿದ್ದವು. ವರ್ಷಗಟ್ಟಲೆ ನಡೆದ ವಾದದ ಕೊನೆಗೆ ಹೊಸದಾಗಿ ಅಳೆದಾಗ ಆ ಬೂದಿಯ ವಯಸ್ಸು ಸುಮಾರು 19 ಲಕ್ಷ ವರ್ಷ ಎಂದು ಇತ್ಯರ್ಥವಾಯಿತು. ಬುರುಡೆಯ ಅರ್ಥವನ್ನು ತಿದ್ದಿದ್ದು ಅದರ ಸುತ್ತಲಿನ ಬೂದಿ ಮತ್ತು ಹಂದಿಯ ಹಲ್ಲು. ಪಳೆಯುಳಿಕೆಯ ಬೆಲೆ ಅದು ಬಿದ್ದಿರುವ ಜಾಗದಲ್ಲಿದೆ ಎಂಬ ಈ ಮಾತನ್ನು ಮುಂದೆ ಮತ್ತೊಮ್ಮೆ ಎತ್ತಬೇಕಾಗುತ್ತದೆ.

ಮೊದಲ ಹೆಜ್ಜೆ: ಕಾಲವನ್ನು ಆರಿಸಿಕೊಳ್ಳುವುದು

ಇಲ್ಲಿ ಮಳೆ ಬಹಳ ಕಡಿಮೆ, ಆದರೆ ಬಂದಾಗ ಒಮ್ಮೆಲೇ ಬರುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ದೊಡ್ಡ ಮಳೆಗಾಲ, ಅಕ್ಟೋಬರ್-ನವೆಂಬರ್‌ನಲ್ಲಿ ಚಿಕ್ಕ ಮಳೆಗಾಲ. ಆ ದಿನಗಳಲ್ಲಿ ಅಲ್ಲಿಯವರು 'ಲಗ್ಗಾ' ಎನ್ನುವ ಒಣ ಹಳ್ಳಗಳು ಗಳಿಗೆಯೊಳಗೆ ಉಕ್ಕುತ್ತವೆ, ಚಾಲ್ಬಿ ಮರುಭೂಮಿಯ ಉಪ್ಪುನೆಲ ಕೆಸರಾಗಿ ವಾಹನದ ಗಾಲಿಗಳನ್ನು ನುಂಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಹಾಗೂ ಡಿಸೆಂಬರ್ ಮಧ್ಯದಿಂದ ಫೆಬ್ರವರಿಯವರೆಗಿನ ತಿಂಗಳುಗಳು ಹೋಗಲು ತಕ್ಕವು. ಪಳೆಯುಳಿಕೆಗಳೇ ಮುಖ್ಯವೆನ್ನುವವರಿಗೆ ಬಿಸಿಲು ತುಸು ಹಿತವಾಗಿರುವ ಜೂನ್-ಆಗಸ್ಟ್ ಒಳ್ಳೆಯದು. ಹಕ್ಕಿಗಳ ಮೋಹವುಳ್ಳವರು ಚಳಿಗಾಲದಲ್ಲಿ ಹೋಗಬೇಕು. ನಮ್ಮ ಕೆರೆಯಂಗಳಗಳಿಗೆ ವಲಸೆ ಬರುವ ಉಲ್ಲಂಕಿಗಳ ಬಳಗದವೇ ಆಗ ಅಲ್ಲಿಯ ದಡದಲ್ಲಿ ಸಾವಿರಗಟ್ಟಲೆ ಇರುತ್ತವೆ. ಯಾವ ತಿಂಗಳಾದರೂ ಮಧ್ಯಾಹ್ನ 35 ಡಿಗ್ರಿಗಿಂತ ಹೆಚ್ಚಿನ ಸೆಕೆಯನ್ನು ನಿರೀಕ್ಷಿಸಿಯೇ ಹೊರಡಬೇಕು.

ಒಟ್ಟು ಎಷ್ಟು ದಿನ ಬೇಕೆಂದರೆ, ರಸ್ತೆಯಲ್ಲಿ ಹೋಗುವವರಿಗೆ ನೈರೋಬಿಯಿಂದ ನೈರೋಬಿಗೆ ಹತ್ತು ದಿನ. ಅದಕ್ಕಿಂತ ಕಡಿಮೆ ದಿನಗಳಲ್ಲಿ ಮುಗಿಸಲು ಹೊರಟರೆ ವಾಹನದಲ್ಲಿ ಕುಳಿತದ್ದೇ ನೆನಪಿನಲ್ಲಿ ಉಳಿಯುತ್ತದೆ. ಉದ್ಯಾನದೊಳಗೆ ಕನಿಷ್ಠ ಮೂರು ರಾತ್ರಿ ತಂಗದಿದ್ದರೆ ಇಷ್ಟು ದೂರ ಹೋಗುವುದರಲ್ಲಿ ಅರ್ಥವಿಲ್ಲ.

ಎರಡನೆಯ ಹೆಜ್ಜೆ: ದಾಖಲೆಗಳು, ಲಸಿಕೆ, ಅನುಮತಿ

ಭಾರತದ ಪಾಸ್‌ಪೋರ್ಟ್ ಉಳ್ಳವರು ಕೀನ್ಯಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಇಟಿಎ ಎಂಬ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. 2024ರ ಜನವರಿಯಿಂದ ಹಳೆಯ ವೀಸಾ ಪದ್ಧತಿಯ ಬದಲಿಗೆ ಇದು ಬಂದಿದೆ. ಅದೇ ಹೆಸರಿನಂತೆ ಕಾಣುವ ಮಧ್ಯವರ್ತಿ ತಾಣಗಳಿರುವುದರಿಂದ ವಿಳಾಸವನ್ನು ಎರಡು ಸಲ ನೋಡಿ ಹಣ ಕಟ್ಟಬೇಕು.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು. ಕೀನ್ಯಾದಿಂದ ಮರಳುವವರ ಬಳಿ ಈ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಒಮ್ಮೆ ಹಾಕಿಸಿಕೊಂಡ ಲಸಿಕೆಯ ಪ್ರಮಾಣಪತ್ರ ಜೀವಮಾನವಿಡೀ ನಡೆಯುತ್ತದೆ. ಮಲೇರಿಯಾ ತಡೆಯುವ ಮಾತ್ರೆಗಳ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಉದ್ಯಾನದ ಪ್ರವೇಶ ಶುಲ್ಕವನ್ನು ಕೀನ್ಯಾ ವನ್ಯಜೀವಿ ಸೇವೆಗೆ ಆನ್‌ಲೈನ್ ಮೂಲಕವೇ ಕಟ್ಟಬೇಕು. ಗೇಟಿನಲ್ಲಿ ನಗದು ನಡೆಯುವುದಿಲ್ಲ. ಅಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಶುಲ್ಕವನ್ನು ನೈರೋಬಿಯಲ್ಲಿಯೇ ಕಟ್ಟಿ ರಸೀದಿಯನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗುವುದು ಲೇಸು. ಕೂಬಿ ಫೋರಾದ ಶಿಬಿರ ಮತ್ತು ಪಳೆಯುಳಿಕೆಗಳ ತಾಣಗಳು ಕೀನ್ಯಾ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಸಂಸ್ಥೆಯ ಉಸ್ತುವಾರಿಯಲ್ಲಿವೆ. ಹೀಗೆ ಎರಡು ಸಂಸ್ಥೆಗಳೊಂದಿಗೆ ವ್ಯವಹರಿಸಬೇಕಾಗಿರುವುದನ್ನು ಮರೆತವರಿಗೆ ತಂಗಲು ಜಾಗವಿಲ್ಲದ ಪರಿಸ್ಥಿತಿ ಬರಬಹುದು. ಡ್ರೋನ್ ಒಯ್ಯುವ ಆಲೋಚನೆಯಿದ್ದರೆ ಪ್ರತ್ಯೇಕ ಅನುಮತಿ ಬೇಕು. ನನ್ನನ್ನು ಕೇಳಿದರೆ ಅದನ್ನು ಮನೆಯಲ್ಲಿಯೇ ಬಿಡಬೇಕು.

ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ; 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನಗಳೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿ, ಲೋಟ, ಸ್ಟ್ರಾಗಳಿಗೂ ನಿಷೇಧವಿದೆ. ಬಟ್ಟೆಗಳನ್ನೂ ತಿಂಡಿಯನ್ನೂ ಕ್ಯಾರಿಬ್ಯಾಗಿನಲ್ಲಿ ಸುತ್ತಿಡುವ ನಮ್ಮ ಅಭ್ಯಾಸವನ್ನು ಸೂಟ್‌ಕೇಸು ತುಂಬುವಾಗಲೇ ಬಿಟ್ಟು ಬಟ್ಟೆಯ ಚೀಲಗಳನ್ನೂ ಸ್ಟೀಲಿನ ಡಬ್ಬಿಗಳನ್ನೂ ಬಳಸಬೇಕು.

ಮೂರನೆಯ ಹೆಜ್ಜೆ: ನೈರೋಬಿಯಲ್ಲಿ ಒಂದು ಪೂರ್ಣ ದಿನ

ಮುಂಬಯಿಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ಗಂಟೆಯ ಪ್ರಯಾಣ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಮೊದಲ ದಿನದ ಅರ್ಧವನ್ನು ನೈರೋಬಿ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮೀಸಲಿಡಬೇಕೆಂದು ಒತ್ತಿ ಹೇಳುತ್ತೇನೆ. ಕೂಬಿ ಫೋರಾದಲ್ಲಿ ಸಿಕ್ಕಿದ ಮನುಷ್ಯಕುಲದ ಮೂಳೆಗಳು ಕೂಬಿ ಫೋರಾದಲ್ಲಿ ಇಲ್ಲ, ಇಲ್ಲಿವೆ. ಸರೋವರದ ಪಶ್ಚಿಮ ದಡದ ನಾರಿಯೊಕೊಟೊಮೆಯಲ್ಲಿ 1984ರಲ್ಲಿ ಕಮೋಯಾ ಕಿಮೆಯು ಅವರು ಗುರುತಿಸಿದ, ಸುಮಾರು 15 ಲಕ್ಷ ವರ್ಷ ಹಳೆಯ ತುರ್ಕಾನಾ ಬಾಲಕನ ಅಸ್ಥಿಪಂಜರ ಇಲ್ಲಿಯೇ ಇದೆ. ಆ ಕಾಲದ ಒಂದೇ ಜೀವಿಯ ಇಷ್ಟು ಸಮಗ್ರವಾದ ಅಸ್ಥಿಪಂಜರ ಬೇರೆಲ್ಲಿಯೂ ಸಿಕ್ಕಿಲ್ಲ. ಬುರುಡೆಗಳ ಕೋಣೆಯಲ್ಲಿ ಒಂದು ಗಂಟೆ ನಿಧಾನವಾಗಿ ನಿಂತು, ಹುಬ್ಬಿನ ಮೂಳೆ, ದವಡೆ, ಮಿದುಳಿನ ಗಾತ್ರ ಇವುಗಳನ್ನು ಒಂದಕ್ಕೊಂದು ಹೋಲಿಸಿ, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಹೋಗಬೇಕು.

ಉಳಿದರ್ಧ ದಿನ ದಿನಸಿಗೆ. ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಭಾರತೀಯ ಮೂಲದವರ ಅಂಗಡಿಗಳು ಸಾಕಷ್ಟಿರುವುದರಿಂದ ಅಕ್ಕಿ, ಬೇಳೆ, ಮಸಾಲೆ ಎಲ್ಲವೂ ಸಿಗುತ್ತವೆ. ಮನೆಯಿಂದ ಚಟ್ನಿಪುಡಿ, ಹುರಿಹಿಟ್ಟು, ಒಗ್ಗರಣೆ ಹಾಕಿದ ಅವಲಕ್ಕಿ ಇಷ್ಟನ್ನು ತಂದರೆ ಒಲೆ ಹೊತ್ತಿಸಲಾಗದ ಬಿರುಗಾಳಿಯ ದಿನವೂ ಹೊಟ್ಟೆ ತುಂಬುತ್ತದೆ. ಕೀನ್ಯಾದಲ್ಲಿ 'ವಿಂಬಿ' ಎಂಬ ಹೆಸರಿನಲ್ಲಿ ರಾಗಿ ಹಿಟ್ಟು ಮಾರುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲವೇ ಆಗಿರುವುದರಿಂದ, ತುರ್ಕಾನಾದ ದಡದಲ್ಲಿ ಬೆಳಗಿನ ರಾಗಿ ಅಂಬಲಿ ಕುಡಿಯುವುದು ನಮ್ಮ ಊಟವನ್ನು ಪರದೇಶಕ್ಕೆ ಹೊತ್ತುಕೊಂಡು ಹೋದ ಹಾಗೆ ಆಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ದಾರಿ ಮತ್ತು ವಾಹನ

ಉದ್ಯಾನ ತಲುಪಲು ಮುಖ್ಯವಾಗಿ ಮೂರು ಬಗೆಗಳಿವೆ. ಹಣವಿದ್ದು ಸಮಯವಿಲ್ಲದವರು ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಚಾರ್ಟರ್ ವಿಮಾನ ಗೊತ್ತುಮಾಡಿಕೊಂಡು ಉದ್ಯಾನದೊಳಗಿನ ಮಣ್ಣಿನ ಓಡುದಾರಿಯಲ್ಲಿಯೇ ಇಳಿಯಬಹುದು. ಆದರೆ ಇಳಿದ ಮೇಲೆ ಓಡಾಡಲು ವಾಹನ ಇರುವುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಎರಡನೆಯದು ಪಶ್ಚಿಮದ ದಾರಿ: ಕಿಟಾಲೆ, ಲೊಡ್ವಾರ್ ಮೂಲಕ ಕಲೊಕೊಲ್ ತಲುಪಿ, ಅಲ್ಲಿಂದ ದೋಣಿ. ಮೂರನೆಯದು ಪೂರ್ವದ ರಸ್ತೆ. ನಾನು ಹೇಳುವುದು ಈ ಮೂರನೆಯದನ್ನೇ.

ನೈರೋಬಿಯಿಂದ ನನ್ಯೂಕಿ, ಇಸಿಯೊಲೊ, ಲೈಸಾಮಿಸ್ ದಾಟಿ ಮಾರ್ಸಾಬಿಟ್‌ವರೆಗೆ ಸುಮಾರು 550 ಕಿ.ಮೀ. ಒಳ್ಳೆಯ ಟಾರು ರಸ್ತೆಯಿದೆ. ನಸುಕಿನಲ್ಲಿ ಹೊರಟರೆ ಹಗಲಿನಲ್ಲಿಯೇ ತಲುಪಬಹುದು. ಮರುಭೂಮಿಯ ನಡುವೆ ಎದ್ದ ಜ್ವಾಲಾಮುಖಿ ಬೆಟ್ಟವಾದ ಮಾರ್ಸಾಬಿಟ್‌ನ ತಲೆಯ ಮೇಲೆ ಮಂಜು ಕವಿದ ಕಾಡಿದೆ. ಮುಂದಿನ ಹಲವು ದಿನಗಳಿಗೆ ನೆಚ್ಚಬಹುದಾದ ಕೊನೆಯ ಪೆಟ್ರೋಲ್ ಬಂಕ್, ಬ್ಯಾಂಕು, ಆಸ್ಪತ್ರೆ ಎಲ್ಲವೂ ಈ ಊರಿನಲ್ಲಿಯೇ. ಅಲ್ಲಿಂದ ವಾಯವ್ಯಕ್ಕೆ ತಿರುಗಿ ಮೈಕೊನಾ, ಕಲಾಚಾ, ನಾರ್ತ್ ಹಾರ್ ಮೂಲಕ ಚಾಲ್ಬಿಯನ್ನು ದಾಟಿ ಉದ್ಯಾನದ ಮುಖ್ಯ ಕಚೇರಿಯಿರುವ ಅಲಿಯಾ ಬೇ ಸೇರುವುದಕ್ಕೆ ಎರಡು ದಿನ ಇಟ್ಟುಕೊಳ್ಳಬೇಕು. ಮರಳುವಾಗ ದಡದ ಜೊತೆಯಲ್ಲಿ ದಕ್ಷಿಣಕ್ಕೆ ಇಳಿದು ಲೋಯಂಗಲಾನಿ, ಸೌತ್ ಹಾರ್, ಲೈಸಾಮಿಸ್ ದಾರಿ ಹಿಡಿದರೆ ಬಂದ ದಾರಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ. 365 ಗಾಳಿಯಂತ್ರಗಳ ವಿದ್ಯುತ್ ಯೋಜನೆಗಾಗಿ ಈ ದಕ್ಷಿಣದ ದಾರಿಯನ್ನು ಸರಿಪಡಿಸಿರುವುದರಿಂದ ಅದು ಈಗ ಮೊದಲಿಗಿಂತ ಎಷ್ಟೋ ಸುಗಮ.

ವಾಹನ ನಾಲ್ಕೂ ಗಾಲಿಗೆ ಶಕ್ತಿ ಹರಿಯುವಂಥ ಎತ್ತರದ ಜೀಪೇ ಆಗಿರಬೇಕು. ಸಾಧ್ಯವಿದ್ದರೆ ಎರಡು ವಾಹನಗಳು ಜೊತೆಯಾಗಿ ಹೋಗಬೇಕು, ಒಂದು ಹೂತರೆ ಇನ್ನೊಂದು ಎಳೆಯುತ್ತದೆ. ಕೀನ್ಯಾದಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರವಿದ್ದರೂ ಈ ದಾರಿಯನ್ನು ಬಲ್ಲ ಸ್ಥಳೀಯ ಚಾಲಕನನ್ನೇ ಕರೆದೊಯ್ಯುವುದು ಜಾಣತನ. ಎರಡು ಸ್ಟೆಪ್ನಿ, ಪಂಚರ್ ಹಾಕುವ ಸಾಮಾನು, ಗಾಳಿ ತುಂಬುವ ಕಂಪ್ರೆಸರ್, ಜಾಕಿನ ಕೆಳಗೆ ಇಡಲು ದಪ್ಪ ಹಲಗೆ, ಸಲಿಕೆ, ಎಳೆಯುವ ಹಗ್ಗ, ಇಂಧನ ಮತ್ತು ಗಾಳಿಯ ಫಿಲ್ಟರ್‌ಗಳು, ಫ್ಯಾನ್ ಬೆಲ್ಟ್ ಇವು ಇರಲೇಬೇಕು. ಮರಳಿನಲ್ಲಿ ಲೀಟರಿಗೆ 5 ಕಿ.ಮೀ.ಗಿಂತ ಹೆಚ್ಚು ಸಿಗುತ್ತದೆಂದು ಎಣಿಸಬಾರದು; ಮಾರ್ಸಾಬಿಟ್‌ನಿಂದ ಉದ್ಯಾನಕ್ಕೆ ಹೋಗಿ, ಒಳಗೆ ಮೂರು ದಿನ ಸುತ್ತಾಡಿ, ಮತ್ತೆ ಟಾರು ರಸ್ತೆ ಸೇರುವವರೆಗಿನ ಡೀಸೆಲ್ಲನ್ನು ಟ್ಯಾಂಕಿನಲ್ಲಿಯೂ ಲೋಹದ ಕ್ಯಾನುಗಳಲ್ಲಿಯೂ ತುಂಬಿಕೊಂಡೇ ಹೊರಡಬೇಕು. ಸಡಿಲ ಮರಳು ಬಂದಾಗ ಟಯರಿನ ಗಾಳಿಯನ್ನು ಇಳಿಸಿ, ಗಟ್ಟಿ ನೆಲ ಸಿಕ್ಕ ಕೂಡಲೇ ತುಂಬಬೇಕು. ಹಳ್ಳದಲ್ಲಿ ನೀರು ಹರಿಯುತ್ತಿದ್ದರೆ ದಾಟುವ ಸಾಹಸ ಬೇಡ, ಕಾಯಬೇಕು. ಎಷ್ಟು ಬೇಗ ಬಂದಿತೋ ಅಷ್ಟೇ ಬೇಗ ಇಳಿಯುವ ನೀರು ಅದು.

ಕುಡಿಯಲು, ಅಡುಗೆಗೆ, ಕೈಕಾಲು ತೊಳೆಯಲು ಸೇರಿ ತಲೆಗೆ ದಿನಕ್ಕೆ ಹತ್ತು ಲೀಟರ್ ನೀರು ಇರಬೇಕು. ಮೇಲೆ ಎರಡು ದಿನದ ಹೆಚ್ಚುವರಿ. ಎದುರಿಗೆ ಕಡಲಿನಷ್ಟು ನೀರು ಕಂಡರೂ ಸರೋವರದ ನೀರನ್ನು ಕುಡಿಯುವಂತಿಲ್ಲ. ಅದರಲ್ಲಿ ಕ್ಷಾರದ ಜೊತೆಗೆ ಫ್ಲೋರೈಡ್ ಬಹಳ ಹೆಚ್ಚು. ಪಾವಗಡದ ಸೀಮೆಯಲ್ಲಿ ಕೊಳವೆಬಾವಿಯ ನೀರು ಜನರ ಹಲ್ಲಿಗೂ ಮೂಳೆಗೂ ಏನು ಮಾಡಿದೆಯೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುದಿಸಿದರೂ ಸೋಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಭದ್ರತೆಯ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಈ ಸೀಮೆಯಲ್ಲಿ ದನ, ಒಂಟೆಗಳಿಗಾಗಿ, ಮೇವು ನೀರಿಗಾಗಿ ಪಶುಪಾಲಕ ಸಮುದಾಯಗಳ ನಡುವೆ ಆಗಾಗ ಸಶಸ್ತ್ರ ಘರ್ಷಣೆಗಳಾಗುತ್ತವೆ. ಮಾರ್ಸಾಬಿಟ್‌ನಲ್ಲಿ ವನ್ಯಜೀವಿ ಸೇವೆಯ ಕಚೇರಿಯನ್ನೂ ಪೊಲೀಸರನ್ನೂ ಕೇಳಿ, ಅವರು ಹೋಗಬೇಡಿ ಎಂದರೆ ವಾದಿಸದೆ ನಿಲ್ಲಬೇಕು. ಹೋಗಬಹುದು ಎಂದರೂ ಕತ್ತಲಾದ ಮೇಲೆ ವಾಹನ ಓಡಿಸಬಾರದು. ಸ್ಯಾಟಲೈಟ್ ಫೋನ್ ಬಾಡಿಗೆಗೆ ಪಡೆಯುವುದು, ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಸಂಸ್ಥೆಯ ವಿಮಾನ ಆಂಬ್ಯುಲೆನ್ಸ್ ಸದಸ್ಯತ್ವ ಮಾಡಿಸುವುದು ಎರಡೂ ದುಂದುವೆಚ್ಚವಲ್ಲ.

ಐದನೆಯ ಹೆಜ್ಜೆ: ಡೇರೆ ಹಾಕುವುದು

ತಂಗಲು ಅಲಿಯಾ ಬೇಯಲ್ಲಿ ವನ್ಯಜೀವಿ ಸೇವೆಯ ಜಾಗ ಮತ್ತು ಕೂಬಿ ಫೋರಾದಲ್ಲಿ ಸರೋವರದೊಳಕ್ಕೆ ಚಾಚಿದ ನಾಲಿಗೆಯಂಥ ನೆಲದ ಮೇಲಿರುವ ಸಂಗ್ರಹಾಲಯದ ಸರಳ ಕಲ್ಲುಮನೆಗಳಿವೆ. ಗಾಳಿಯೇ ಇಲ್ಲಿಯ ಯಜಮಾನ. ರಾತ್ರಿಯಿಂದ ಬೆಳಗಿನವರೆಗೆ ಆಗ್ನೇಯದಿಂದ ಬೀಸುವ ಗಾಳಿಗೆ ಸಾಮಾನ್ಯ ಡೇರೆಗಳು ಹಾರಿಹೋಗುತ್ತವೆ. ಉದ್ದನೆಯ ಗೂಟಗಳು, ಹೆಚ್ಚುವರಿ ಹಗ್ಗ, ಅಂಚಿಗೆ ಕಲ್ಲು ಬೇಕು, ಡೇರೆಯ ಬಾಗಿಲು ಗಾಳಿಗೆ ಬೆನ್ನಾಗಿರಬೇಕು. ಗರಗಸ ಮಂಡಲದ ಹಾವು ನಮ್ಮ ಬಯಲುಸೀಮೆಯವರಿಗೆ ಹೊಸದಲ್ಲ, ಅದೇ ಕುಲದ ಹಾವುಗಳು ಇಲ್ಲಿಯೂ ಇವೆ, ಚೇಳುಗಳಂತೂ ಧಾರಾಳ. ಕಲ್ಲನ್ನು ಕೈಯಿಂದ ಎತ್ತಬಾರದು, ಬೂಟು ಕೊಡವದೆ ಹಾಕಬಾರದು, ರಾತ್ರಿ ಟಾರ್ಚಿಲ್ಲದೆ ಹೆಜ್ಜೆ ಇಡಬಾರದು. ದಡದಿಂದ ದೂರ ಮಲಗಬೇಕು: ನೀರಾನೆಗಳು ರಾತ್ರಿ ಮೇಯಲು ಮೇಲೆ ಬರುತ್ತವೆ, ಅವುಗಳಿಗೂ ನೀರಿಗೂ ನಡುವೆ ನಿಂತವರ ಪ್ರಾಣಕ್ಕೆ ಅಪಾಯ. ನೈಲ್ ಮೊಸಳೆಗಳು ದೊಡ್ಡ ಸಂಖ್ಯೆಯಲ್ಲಿರುವ ಸರೋವರವಿದು, ಎಷ್ಟೇ ಸೆಕೆಯಾದರೂ ನೀರಿಗೆ ಇಳಿಯಬಾರದು.

ಆರನೆಯ ಹೆಜ್ಜೆ: ಪಳೆಯುಳಿಕೆಗಳನ್ನು ನೋಡುವ ಬಗೆ

ಕೂಬಿ ಫೋರಾ ಎಂದರೆ ಗಬ್ರಾ ಜನರ ಮಾತಿನಲ್ಲಿ ಗುಗ್ಗುಳದ ಜಾತಿಯ ಮುಳ್ಳುಗಿಡಗಳ ಜಾಗ. ಅಲ್ಲಿಯ ಚಿಕ್ಕ ಸಂಗ್ರಹಾಲಯವನ್ನು ಮೊದಲು ನೋಡಿ, ಮಾರ್ಗದರ್ಶಕರನ್ನು ಜೊತೆಗೆ ಕರೆದುಕೊಂಡು, ಬೆಳಿಗ್ಗೆ ಆರೂವರೆಗೆಲ್ಲ ಹೊರಡಬೇಕು. ಓರೆಯಾದ ಬೆಳಕಿನಲ್ಲಿ ಪದರಗಳ ಗೆರೆಗಳೂ ಮೂಳೆಯ ಹೊಳಪೂ ಎದ್ದು ಕಾಣುತ್ತವೆ. ಹತ್ತು ಗಂಟೆಯ ಮೇಲೆ ಎಲ್ಲವೂ ಒಂದೇ ಬಿಳುಪಾಗಿ ಕಣ್ಣು ಕುಕ್ಕುತ್ತದೆ.

ಸಿಕ್ಕಿದ ಜಾಗದಲ್ಲಿಯೇ ಉಳಿಸಿ, ಮೇಲೆ ಚಾವಣಿ ಹಾಕಿ ಕಾಪಾಡಿರುವ ಮೂರು ತಾಣಗಳು ಮುಖ್ಯವಾದವು. ಒಂದರಲ್ಲಿ ಈಗ ಅಳಿದುಹೋಗಿರುವ ದೊಡ್ಡ ಆನೆಯ ಮೂಳೆಗಳಿವೆ. ಬಹುಕಾಲ ಎಲಿಫಸ್ ರೆಕಿ ಎಂಬ ಹೆಸರಿನಿಂದ, ನಮ್ಮ ನಾಗರಹೊಳೆಯ ಆನೆಯ ಕುಲದಲ್ಲಿಯೇ ಇದನ್ನು ಇರಿಸಲಾಗಿತ್ತು. ಇನ್ನೊಂದರಲ್ಲಿ ದೈತ್ಯ ಆಮೆಯ ಚಿಪ್ಪು, ಮತ್ತೊಂದರಲ್ಲಿ ಘರಿಯಾಲದಂತೆ ನೀಳ ಮೂತಿಯುಳ್ಳ ಪುರಾತನ ಮೊಸಳೆ. ಇಷ್ಟು ದೊಡ್ಡ ಆನೆ ಇಲ್ಲಿ ಏನನ್ನು ಮೇಯುತ್ತಿತ್ತು ಎಂದು ಅಲ್ಲಿಯೇ ನಿಂತು ಕೇಳಿಕೊಂಡರೆ, ಸುತ್ತಲಿನ ಬರಡುನೆಲ ಒಂದು ಕಾಲದಲ್ಲಿ ಹುಲ್ಲುಗಾವಲೂ ನದೀತೀರದ ಮರಗಳೂ ಆಗಿದ್ದವೆಂಬುದು ಮನಸ್ಸಿಗೆ ಇಳಿಯುತ್ತದೆ. ಅಲಿಯಾ ಬೇ ಕಡೆಗಿರುವ ಕಲ್ಲಾದ ಮರಗಳ ಕಾಂಡಗಳು ಇದಕ್ಕೆ ಮತ್ತೊಂದು ಸಾಕ್ಷಿ; ಉಂಗುರಗಳೂ ಗಂಟುಗಳೂ ಕಲ್ಲಿನಲ್ಲಿ ಹಾಗೆಯೇ ಉಳಿದಿವೆ.

ದಿಬ್ಬದ ಮೇಲೆ ನಡೆಯುವಾಗ ಬೂದುಬಿಳುಪಿನ ತೆಳುವಾದ ಗೆರೆಯನ್ನು ಹುಡುಕಬೇಕು. ಅದೇ ಬೂದಿಯ ಪದರ. ಮಾರ್ಗದರ್ಶಕರನ್ನು ಕೇಳಿದರೆ ಯಾವ ಪದರವೆಂದು ತೋರಿಸುತ್ತಾರೆ, ಅದರ ಮೇಲೆ ಕೈಯಿಟ್ಟು ಕೆಳಗೆ ನೋಡಿದರೆ ಹಳೆಯ ಕಾಲ, ಮೇಲೆ ನೋಡಿದರೆ ಹೊಸ ಕಾಲ. ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಅನುಭವ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಉತ್ತರದ ಇಲೆರೆಟ್ ಬಳಿ 15 ಲಕ್ಷ ವರ್ಷಗಳ ಹಿಂದಿನ ಹೆಜ್ಜೆಗುರುತುಗಳು ಸಿಕ್ಕಿವೆ. ಇದೇ ಪೂರ್ವ ದಡದಲ್ಲಿ 2021ರಲ್ಲಿ ಕಂಡು 2024ರಲ್ಲಿ ಪ್ರಕಟವಾದ ಇನ್ನೊಂದು ಹೆಜ್ಜೆಗಳ ಸಾಲು, ಮನುಷ್ಯನ ಬಳಗಕ್ಕೆ ಸೇರಿದ, ಈಗ ಅಳಿದುಹೋಗಿರುವ ಹೋಮೊ ಎರೆಕ್ಟಸ್ ಮತ್ತು ಪರಾಂತ್ರೊಪಸ್ ಬೊಯ್ಸೆಯಿ ಎಂಬ ಎರಡು ಬೇರೆ ಕುಲಗಳ ಜೀವಿಗಳು ಒಂದೇ ಕೆಸರುದಡದಲ್ಲಿ ಬಹಳ ಕಡಿಮೆ ಅಂತರದ ಕಾಲದಲ್ಲಿ ನಡೆದಾಡಿದ್ದವೆಂದು ತೋರಿಸಿತು. ಇಂಥ ಗುರುತುಗಳನ್ನು ಕಾಪಾಡಲು ಮತ್ತೆ ಮಣ್ಣು ಮುಚ್ಚಿಡುವುದುಂಟು. ಆದ್ದರಿಂದ ಅವನ್ನು ತೋರಿಸಲೇಬೇಕೆಂದು ಮಾರ್ಗದರ್ಶಕರನ್ನು ಒತ್ತಾಯಿಸಬಾರದು.

ನಡೆಯುವಾಗ ಕಾಲಬಳಿಯಲ್ಲಿಯೇ ಹಲ್ಲು, ಮೂಳೆಚೂರು, ಮನುಷ್ಯ ಕೈಯಿಂದ ಒಡೆದ ಕಲ್ಲಿನ ಆಯುಧ ಕಾಣುವುದು ಅಪರೂಪವಲ್ಲ. ಮುಟ್ಟಬಾರದು. ಒಂದು ಹಂದಿಯ ಹಲ್ಲು ಇಡೀ ಪದರದ ವಯಸ್ಸನ್ನು ತಿದ್ದಿದ ನೆಲವಿದು. ಹತ್ತು ಅಡಿ ಆಚೆಗೆ ಎತ್ತಿಟ್ಟರೂ ಆ ಹಲ್ಲು ಮೂಕವಾಗುತ್ತದೆ. ಪಕ್ಕದಲ್ಲಿ ಅಳತೆಗಾಗಿ ಒಂದು ಪೆನ್ನಿಟ್ಟು ಹತ್ತಿರದಿಂದಲೂ ದೂರದಿಂದಲೂ ಫೋಟೋ ತೆಗೆದು, ಜಿಪಿಎಸ್ ಸ್ಥಾನವನ್ನು ಬರೆದುಕೊಂಡು, ಸಂಗ್ರಹಾಲಯದ ಸಿಬ್ಬಂದಿಗೆ ಒಪ್ಪಿಸಬೇಕು. ಬೆಣಚುಕಲ್ಲಿನ ಚೂರೇ ಆದರೂ ಜೇಬಿಗೆ ಹಾಕಿಕೊಳ್ಳುವುದು ಕೀನ್ಯಾದ 2006ರ ಪರಂಪರೆ ಕಾಯ್ದೆಯ ಪ್ರಕಾರ ಅಪರಾಧವಾಗಬಹುದು.

ಏಳನೆಯ ಹೆಜ್ಜೆ: ಪ್ರಾಣಿಗಳು, ಹಕ್ಕಿಗಳು

ಮಾರಾದ ಹಾಗೆ ಪ್ರಾಣಿಗಳ ಜಾತ್ರೆಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಮೇವು ವಿರಳ, ಪ್ರಾಣಿಗಳೂ ವಿರಳ. ಆದರೆ ಇರುವವು ಈ ಬರನಾಡಿಗೆ ಒಗ್ಗಿಕೊಂಡ ವಿಶೇಷ ಜೀವಿಗಳು: ತೆಳು ಪಟ್ಟೆಯ ಗ್ರೇವಿ ಜೀಬ್ರಾ, ನೇರ ಕೊಂಬಿನ ಬೈಸಾ ಓರಿಕ್ಸ್, ಹಿಂಗಾಲಿನ ಮೇಲೆ ನಿಂತು ಮುಳ್ಳುಮರದ ಎಲೆ ತಿನ್ನುವ ಉದ್ದ ಕತ್ತಿನ ಗೆರೆನುಕ್, ಟೋಪಿ, ಗ್ರ್ಯಾಂಟ್ ಗಸೆಲ್. ದಡದ ಹುಲ್ಲುಪಟ್ಟಿಯಲ್ಲಿ ಸೂರ್ಯೋದಯದ ನಂತರದ ಒಂದೂವರೆ ಗಂಟೆ ವಾಹನ ನಿಲ್ಲಿಸಿ ಕಾಯುವುದು, ಗಂಟೆಗಟ್ಟಲೆ ಸುತ್ತುವುದಕ್ಕಿಂತ ಫಲಕಾರಿ. ಸಿಂಹ, ಚೀತಾ, ಕತ್ತೆಕಿರುಬಗಳೂ ಇವೆ, ಕಂಡರೆ ಭಾಗ್ಯ.

ಹಕ್ಕಿಗಳ ವಿಷಯ ಬೇರೆ. ಸರೋವರದ ಸುತ್ತ 350ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಲಾಗಿದೆ. ಹೆಜ್ಜಾರ್ಲೆ, ರಾಜಹಂಸ, ನೀರುಕಾಗೆಗಳ ಹಿಂಡುಗಳನ್ನು ನೋಡುತ್ತ ಬೆಳಗು ಕಳೆಯುವುದು ತಿಳಿಯುವುದಿಲ್ಲ. ಪಶ್ಚಿಮದ ಕಲೊಕೊಲ್ ಕಡೆಯಿಂದ ಬಂದವರಿಗೆ ಸೆಂಟ್ರಲ್ ಐಲೆಂಡ್ ಎಂಬ ಜ್ವಾಲಾಮುಖಿ ದ್ವೀಪವೂ ಸಿಗುತ್ತದೆ. ಅಲ್ಲಿಯ ಮೂರು ಕುಳಿ ಸರೋವರಗಳು ಮೊಸಳೆಗಳು ಮರಿಮಾಡುವ ಜಾಗ. ದೋಣಿ ಹತ್ತುವುದಾದರೆ ಹೊರಡುವ ಗಳಿಗೆಯನ್ನು ಸ್ಥಳೀಯ ನಾವಿಕನೇ ನಿರ್ಧರಿಸಲಿ, ಲೈಫ್ ಜಾಕೆಟ್ ಇಲ್ಲದ ದೋಣಿ ಬೇಡ. 1934ರಲ್ಲಿ ವಿವಿಯನ್ ಫುಕ್ಸ್ ಅವರ ಸಂಶೋಧನಾ ತಂಡದ ಇಬ್ಬರು ಸೌತ್ ಐಲೆಂಡ್‌ಗೆ ಹೋದವರು ಮರಳಿ ಬರಲೇ ಇಲ್ಲ. ಅಂದಿನ ಗಾಳಿಯೇ ಇಂದೂ ಬೀಸುತ್ತಿದೆ.

ಎಂಟನೆಯ ಹೆಜ್ಜೆ: ಜನರ ನಡುವೆ

ಉದ್ಯಾನದ ಸುತ್ತ ಗಬ್ರಾ, ದಾಸನೆಚ್, ತುರ್ಕಾನಾ ಜನರು, ದಕ್ಷಿಣಕ್ಕೆ ಸಂಬುರು, ರೆಂಡಿಲೆ, ಮೀನುಗಾರರಾದ ಎಲ್ ಮೊಲೊ ಜನರು ಬದುಕುತ್ತಾರೆ. ಸ್ವಾಹಿಲಿಯಲ್ಲಿ ಹಿರಿಯರನ್ನು 'ಮ್ಜೀ' ಎಂದೂ ಹಿರಿಯ ಹೆಂಗಸರನ್ನು 'ಮಾಮಾ' ಎಂದೂ ಕರೆದು, 'ಹಬಾರಿ' ಎಂದು ಯೋಗಕ್ಷೇಮ ವಿಚಾರಿಸಿದ ಮೇಲೆಯೇ ಬೇರೆ ಮಾತು. ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು. ದಾರಿಯಲ್ಲಿ ಕುರಿಗಾಹಿಗಳು ವಾಹನ ನಿಲ್ಲಿಸಿ ನೀರು ಕೇಳುವುದುಂಟು. ಅದಕ್ಕೆಂದೇ ಒಂದು ಕ್ಯಾನು ಬೇರೆಯಾಗಿ ಇಟ್ಟುಕೊಂಡಿರಬೇಕು.

ಮರಳುವ ದಾರಿಯಲ್ಲಿ ಲೋಯಂಗಲಾನಿಯ ಊಟೆಯ ಬಳಿಯ ತಾಳೆ ಜಾತಿಯ ಮರಗಳ ನೆರಳಿನಲ್ಲಿ ಎರಡು ರಾತ್ರಿ ಉಳಿದರೆ ಈ ಜನರ ಬದುಕನ್ನು ಸ್ವಲ್ಪವಾದರೂ ಅರಿಯಬಹುದು. ಸರೋವರದ ಗತಿಯ ಬಗ್ಗೆ ಅಲ್ಲಿಯ ಮೀನುಗಾರರನ್ನು ಕೇಳಬೇಕು. ಓಮೊ ನದಿಗೆ ಇಥಿಯೋಪಿಯಾ ಕಟ್ಟಿದ ಗಿಬೆ-3 ಅಣೆಕಟ್ಟು 2016ರಲ್ಲಿ ಉದ್ಘಾಟನೆಯಾಯಿತು. ನದಿಯ ಪ್ರವಾಹದ ಏರಿಳಿತವೇ ಮೀನುಗಳ ಸಂತಾನಕ್ಕೆ ಕಾಲ ಗೊತ್ತುಮಾಡುತ್ತಿದ್ದುದರಿಂದ, ಅದು ಕುಗ್ಗಿದರೆ ಸರೋವರಕ್ಕೆ ಕೇಡೆಂಬ ಕಾರಣಕ್ಕೆ 1997ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಈ ಉದ್ಯಾನಗಳನ್ನು ಯುನೆಸ್ಕೊ 2018ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಮಳೆಯಿಂದ ನೀರಿನ ಮಟ್ಟ ಏರಿ ದಡದ ದಾರಿಗಳು ಕೆಲವೆಡೆ ಮುಳುಗಿವೆ. ಹೀಗಾಗಿ ಹಳೆಯ ನಕಾಶೆಯನ್ನು ನಂಬಿ ದಡದ ಅಂಚಿನಲ್ಲಿ ವಾಹನ ಓಡಿಸದೆ, ಅಂದಿನ ದಾರಿ ಯಾವುದೆಂದು ಹೊರಡುವ ಬೆಳಿಗ್ಗೆ ಅರಣ್ಯ ಸಿಬ್ಬಂದಿಯನ್ನು ಕೇಳಿಯೇ ಮುಂದೆ ಸಾಗಬೇಕು.

ನೈರೋಬಿಗೆ ಮರಳಿದ ಮೇಲೆ ವಿಮಾನ ರಾತ್ರಿಗಿದ್ದರೆ ಸಂಗ್ರಹಾಲಯದ ಬುರುಡೆಗಳ ಕೋಣೆಗೆ ಇನ್ನೊಮ್ಮೆ ಹೋಗಬಹುದು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದ ಪ್ರಶ್ನೆಗಳಲ್ಲಿ ಕೆಲವಕ್ಕೆ ಉತ್ತರ ಸಿಕ್ಕಿರುತ್ತದೆ, ಕೆಲವನ್ನು ಅಲ್ಲಿಯ ಸಿಬ್ಬಂದಿಯನ್ನೇ ಕೇಳಬಹುದು. ಹಳದಿ ಜ್ವರದ ಪ್ರಮಾಣಪತ್ರವನ್ನು ಮಾತ್ರ ಲಗೇಜಿನೊಳಗೆ ಸೇರಿಸದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ನಮ್ಮ ನೆಲದಲ್ಲಿ ಇಳಿದ ಕೂಡಲೇ, ಪಾಸ್‌ಪೋರ್ಟಿಗಿಂತ ಮೊದಲು ಕೇಳುವುದು ಅದನ್ನೇ.